‘ಈಸ್’ ಎಲ್ಲಿ, ‘ಆರ್’ ಎಲ್ಲಿ? ಕನ್ನಡದ ಕಿವಿಯಿಂದಲೇ ಕಂಡುಹಿಡಿಯಬಹುದು

ಪ್ರಶ್ನೆ: ನನ್ನ ಕೆಲಸದಲ್ಲಿ ದಿನವೂ ಇಂಗ್ಲಿಷಿನಲ್ಲಿ ವರದಿ, ಪತ್ರ ಬರೆಯಬೇಕಾಗುತ್ತದೆ. ಮೊನ್ನೆ ‘ದಿ ಕ್ವಾಲಿಟಿ ಆಫ್ ದಿ ರಿಪೋರ್ಟ್ಸ್ ವರ್ ಪೂರ್’ ಎಂದು ಬರೆದಿದ್ದೆ. ಮೇಲಧಿಕಾರಿ ‘ವರ್’ ಹೊಡೆದು ‘ವಾಸ್’ ಮಾಡಿದರು. ಅದೇ ಪುಟದಲ್ಲಿದ್ದ ‘ಎ ನಂಬರ್ ಆಫ್ ಕಂಪ್ಲೇಂಟ್ಸ್ ವರ್ ರಿಸೀವ್ಡ್’ ಎಂಬುದನ್ನು ಹಾಗೇ ಬಿಟ್ಟರು. ನನ್ನ ಕಣ್ಣಿಗೆ ಎರಡೂ ಒಂದೇ ಥರದ ವಾಕ್ಯ. ಇದರ ಜೊತೆಗೆ ‘ಟೀಮ್ ಈಸ್’ ಸರಿಯೋ ‘ಟೀಮ್ ಆರ್’ ಸರಿಯೋ, ‘ಒನ್ ಆಫ್ ದಿ ಟೀಚರ್ಸ್ ಹೂ’ ಎಂದ ಮೇಲೆ ‘ಕಮ್’ ಬರಬೇಕೋ ‘ಕಮ್ಸ್’ ಬರಬೇಕೋ, ‘ಡೇಟಾ ಈಸ್’ ಎಂದರೆ ತಪ್ಪೋ, ಇವೂ ಕಾಡುತ್ತವೆ. ನಿಯಮಗಳನ್ನು ಓದಿದ್ದೇನೆ. ಬರೆಯಲು ಕೂತಾಗ ಒಂದೂ ನೆರವಿಗೆ ಬರುವುದಿಲ್ಲ.

ಉತ್ತರ: ನೀವು ಬರೆದ ಮೊದಲ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ವರದಿಗಳ ಗುಣಮಟ್ಟ ಕಳಪೆಯಾಗಿತ್ತು.’ ಇಲ್ಲಿ ‘ಕಳಪೆಯಾಗಿದ್ದವು’ ಎಂದು ನಿಮ್ಮ ಬಾಯಿಗೆ ಬರಲೇ ಇಲ್ಲ, ಅಲ್ಲವೇ? ಎರಡನೆಯದನ್ನೂ ಹೇಳಿ. ‘ಹಲವು ದೂರುಗಳು ಬಂದವು.’ ಇಲ್ಲಿ ‘ಬಂದಿತು’ ಎಂದು ನೀವು ಬರೆಯುವುದಿಲ್ಲ. ನಿಮ್ಮ ಮೇಲಧಿಕಾರಿ ಮಾಡಿದ್ದೂ ಇಷ್ಟೇ. ಇಂಗ್ಲಿಷಿನಲ್ಲಿ ಒಂದೇ ಥರ ಕಾಣುವ ಈ ಎರಡು ವಾಕ್ಯಗಳ ಒಳಗಿನ ಕಟ್ಟಡ ಬೇರೆ ಬೇರೆ. ಆ ವ್ಯತ್ಯಾಸ ಇಂಗ್ಲಿಷಿನ ಮೇಲ್ಮೈಯಲ್ಲಿ ಕಾಣುವುದಿಲ್ಲ, ಕನ್ನಡಕ್ಕೆ ತಂದ ಕೂಡಲೇ ಕಾಣುತ್ತದೆ.

ಕಾರಣ ಪದಗಳ ಕ್ರಮದಲ್ಲಿದೆ. ಕನ್ನಡದಲ್ಲಿ ವಿಶೇಷಣ, ಷಷ್ಠಿ ವಿಭಕ್ತಿಯ ಪದ, ‘ಬಂದ’, ‘ಬರುವ’, ‘ಮಾಡಿದ’ ಇವೆಲ್ಲ ಮುಖ್ಯ ನಾಮಪದಕ್ಕಿಂತ ಮೊದಲೇ ಬಂದು ಮುಗಿಯುತ್ತವೆ. ಮುಖ್ಯಪದ ಕೊನೆಗೆ ಬರುತ್ತದೆ. ಹಾಗಾಗಿ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಇನ್ನೊಂದು ಬಹುವಚನ ನುಸುಳುವ ಸಂದರ್ಭ ಕಡಿಮೆ. ಇಂಗ್ಲಿಷ್ ಇದಕ್ಕೆ ತಿರುಗುಮುರುಗು. ಮುಖ್ಯಪದ ಮೊದಲು ಬರುತ್ತದೆ, ವಿವರಣೆಯೆಲ್ಲ ಅದರ ಹಿಂದೆ ‘ಆಫ್’, ‘ಇನ್’, ‘ಹೂ’, ‘ದಟ್’ ಹಿಡಿದು ಸಾಲಾಗಿ ಬರುತ್ತದೆ. ಕ್ರಿಯಾಪದ ಬರುವ ಹೊತ್ತಿಗೆ ಮುಖ್ಯಪದ ಎಷ್ಟೋ ಹಿಂದೆ ಉಳಿದಿರುತ್ತದೆ. ಕಿವಿಗೆ ಹತ್ತಿರ ಇರುವುದು ‘ರಿಪೋರ್ಟ್ಸ್’, ಕೈ ‘ವರ್’ ಎಂದು ಬರೆದುಬಿಡುತ್ತದೆ.

ಇದು ನಮ್ಮಂಥ ಕಲಿತು ಬರೆಯುವವರಿಗೆ ಮಾತ್ರ ಆಗುವ ತಪ್ಪು ಎಂದುಕೊಳ್ಳಬೇಡಿ. ಕ್ಯಾಥ್ರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬ ಸಂಶೋಧಕಿಯರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಾತನಾಡುವವರಿಗೆ ವಾಕ್ಯದ ಆರಂಭವನ್ನಷ್ಟೇ ಕೇಳಿಸಿ, ಅದನ್ನು ಹೇಳಿ ಪೂರ್ತಿ ಮಾಡಿ ಎಂದಿದ್ದರು. ‘ದಿ ಕೀ ಟು ದಿ ಕ್ಯಾಬಿನೆಟ್ಸ್’ ಎಂಬಂಥ ಆರಂಭ, ಅಂದರೆ ‘ಕಪಾಟುಗಳ ಬೀಗದಕೈ’. ಆ ಭಾಷೆಯಲ್ಲೇ ಬೆಳೆದವರ ಬಾಯಲ್ಲೂ ಇಂಥ ಕಡೆ ‘ವರ್’ ನುಸುಳಿತು. ಕುತೂಹಲದ ಸಂಗತಿ ಏನೆಂದರೆ ತಪ್ಪು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಆಯಿತು. ಮುಖ್ಯಪದ ಏಕವಚನ, ನಡುವಿನದು ಬಹುವಚನ ಆಗಿದ್ದಾಗ ಜನ ಎಡವಿದರು. ಮುಖ್ಯಪದ ಬಹುವಚನವಾಗಿದ್ದು ನಡುವೆ ಏಕವಚನ ಬಂದಾಗ ಎಡವಿದ್ದು ತೀರಾ ಕಡಿಮೆ. ನೀವು ಬರೆದದ್ದನ್ನು ತಿದ್ದುವಾಗ ಇದು ಉಪಯೋಗಕ್ಕೆ ಬರುತ್ತದೆ. ‘ಆರ್’, ‘ವರ್’, ‘ಹ್ಯಾವ್’ ಇರುವ ಕಡೆ ಹೆಚ್ಚು ಅನುಮಾನ ಪಡಿ, ‘ಈಸ್’, ‘ವಾಸ್’, ‘ಹ್ಯಾಸ್’ ಇರುವ ಕಡೆ ಅಷ್ಟು ಬೇಡ.

ಉದ್ದದ ಒಂದು ವಾಕ್ಯ ತೆಗೆದುಕೊಳ್ಳೋಣ. ‘ದಿ ಕಂಡಿಶನ್ ಆಫ್ ದಿ ರೋಡ್ಸ್ ಕನೆಕ್ಟಿಂಗ್ ದಿ ವಿಲೇಜಸ್ ದಟ್ ವರ್ ಹಿಟ್ ಬೈ ದಿ ಫ್ಲಡ್ಸ್ ಹ್ಯಾವ್ ಇಂಪ್ರೂವ್ಡ್.’ ರೋಡ್ಸ್, ವಿಲೇಜಸ್, ಫ್ಲಡ್ಸ್, ಮೂರು ಬಹುವಚನಗಳು ಸಾಲಾಗಿ ನಿಂತಿವೆ. ಅವನ್ನು ದಾಟಿ ಬರುವಷ್ಟರಲ್ಲಿ ‘ಹ್ಯಾವ್’ ಸರಿ ಎಂದೇ ತೋರುತ್ತದೆ. ಕನ್ನಡದಲ್ಲಿ ಹೇಳಿ: ‘ಪ್ರವಾಹಕ್ಕೆ ಸಿಕ್ಕ ಹಳ್ಳಿಗಳನ್ನು ಜೋಡಿಸುವ ರಸ್ತೆಗಳ ಸ್ಥಿತಿ ಸುಧಾರಿಸಿದೆ.’ ಎಲ್ಲ ಕಳೆದು ಕೊನೆಗೆ ನಿಂತದ್ದು ‘ಸ್ಥಿತಿ’. ಸುಧಾರಿಸಿದ್ದು ಅದೇ. ಆದ್ದರಿಂದ ‘ಹ್ಯಾಸ್ ಇಂಪ್ರೂವ್ಡ್’. ಇದೇ ವಾಕ್ಯದ ಒಳಗಿನ ‘ವರ್ ಹಿಟ್’ ಮಾತ್ರ ಹಾಗೇ ಇರಬೇಕು, ಏಕೆಂದರೆ ‘ಪ್ರವಾಹಕ್ಕೆ ಸಿಕ್ಕ’ ಎಂಬುದು ಅಂಟಿಕೊಂಡಿರುವುದು ‘ಹಳ್ಳಿಗಳು’ ಎಂಬ ಪದಕ್ಕೆ. ಒಂದೇ ವಾಕ್ಯದಲ್ಲಿ ಎರಡು ಕ್ರಿಯಾಪದ ಇದ್ದರೆ ಎರಡಕ್ಕೂ ಅದರದರ ಕರ್ತೃವನ್ನು ಬೇರೆಯಾಗಿಯೇ ಹುಡುಕಬೇಕು.

ಹಾಗಾಗಿ ನಾನು ಹೇಳುವ ದಾರಿ ಇದು: ಅನುಮಾನ ಬಂದಾಗ ಕರ್ತೃವಿನ ಭಾಗವನ್ನಷ್ಟೇ ಕನ್ನಡಕ್ಕೆ ತನ್ನಿ. ಕನ್ನಡದಲ್ಲಿ ಕೊನೆಗೆ ನಿಂತ ನಾಮಪದ ಯಾವುದೋ ಇಂಗ್ಲಿಷಿನ ಕ್ರಿಯಾಪದ ಅದರ ವಚನವನ್ನು ಹಿಡಿಯಬೇಕು. ‘ದಿ ನಂಬರ್ ಆಫ್ ಕಂಪ್ಲೇಂಟ್ಸ್’ ಎಂದರೆ ‘ದೂರುಗಳ ಸಂಖ್ಯೆ’. ಕೊನೆಯಲ್ಲಿ ಸಂಖ್ಯೆ, ಆದ್ದರಿಂದ ‘ಹ್ಯಾಸ್ ಇಂಕ್ರೀಸ್ಡ್’. ‘ಎ ನಂಬರ್ ಆಫ್ ಕಂಪ್ಲೇಂಟ್ಸ್’ ಎಂದರೆ ‘ಹಲವು ದೂರುಗಳು’. ಕೊನೆಯಲ್ಲಿ ದೂರುಗಳು, ಆದ್ದರಿಂದ ‘ವರ್ ರಿಸೀವ್ಡ್’. ‘ಎ’ ಇದ್ದರೆ ಬಹುವಚನ, ‘ದಿ’ ಇದ್ದರೆ ಏಕವಚನ ಎಂಬ ನಿಯಮವನ್ನು ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮರುದಿನ ಅದನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ‘ಹಲವು ದೂರುಗಳು’, ‘ದೂರುಗಳ ಸಂಖ್ಯೆ’ ಎಂದು ಹೇಳಿಕೊಂಡವರಿಗೆ ಅದಲುಬದಲಾಗುವ ಪ್ರಶ್ನೆಯೇ ಇಲ್ಲ.

‘ಎ ಲಿಸ್ಟ್ ಆಫ್ ನೇಮ್ಸ್’ ಎಂದರೆ ಹೆಸರುಗಳ ಪಟ್ಟಿ, ಏಕವಚನ. ‘ಎ ವೆರೈಟಿ ಆಫ್ ರೀಸನ್ಸ್’ ಎಂದರೆ ಬಗೆಬಗೆಯ ಕಾರಣಗಳು, ಬಹುವಚನ. ‘ಥರ್ಟಿ ಪರ್ಸೆಂಟ್ ಆಫ್ ದಿ ಸ್ಟೂಡೆಂಟ್ಸ್’ ಎಂದರೆ ಶೇ. 30ರಷ್ಟು ವಿದ್ಯಾರ್ಥಿಗಳು, ‘ಆರ್’. ‘ಥರ್ಟಿ ಪರ್ಸೆಂಟ್ ಆಫ್ ದಿ ವಾಟರ್’ ಎಂದರೆ ಶೇ. 30ರಷ್ಟು ನೀರು, ‘ಈಸ್’. ‘ರೀಡಿಂಗ್ ಓಲ್ಡ್ ಲೆಟರ್ಸ್’ ಎಂದರೆ ಹಳೆಯ ಪತ್ರಗಳನ್ನು ಓದುವುದು, ‘ಈಸ್’. ‘ದಿ ಸೆಕ್ರೆಟರಿ, ಅಲಾಂಗ್ ವಿತ್ ಟೂ ಮೆಂಬರ್ಸ್’ ಎಂದರೆ ಇಬ್ಬರು ಸದಸ್ಯರೊಂದಿಗೆ ಕಾರ್ಯದರ್ಶಿ. ಕೊನೆಗೆ ನಿಂತವರು ಕಾರ್ಯದರ್ಶಿ ಒಬ್ಬರೇ, ಆದ್ದರಿಂದ ‘ವಾಸ್ ಪ್ರೆಸೆಂಟ್’. ‘ಆ್ಯಂಡ್’ ಹಾಕಿದ್ದರೆ ಮಾತು ಬೇರೆ. ಆಗ ಕಾರ್ಯದರ್ಶಿಯೂ ಸದಸ್ಯರೂ ಸಮಾನವಾಗಿ ಕರ್ತೃ, ‘ವರ್’ ಬರಬೇಕು.

‘ಒನ್ ಆಫ್ ಮೈ ಫ್ರೆಂಡ್’ ಎಂದು ‘ಎಸ್’ ಬಿಟ್ಟು ಬರೆಯುವವರು ತುಂಬಾ ಜನ. ಕನ್ನಡವನ್ನು ಕೇಳಿಸಿಕೊಂಡಿದ್ದರೆ ಈ ತಪ್ಪೂ ಆಗುತ್ತಿರಲಿಲ್ಲ. ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎನ್ನುತ್ತೇವೆಯೇ ಹೊರತು ‘ಸ್ನೇಹಿತನಲ್ಲಿ ಒಬ್ಬ’ ಎನ್ನುವುದಿಲ್ಲ. ‘ಸ್ನೇಹಿತರು’ ಬಹುವಚನ, ‘ಒಬ್ಬ’ ಏಕವಚನ. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’.

ನಿಮ್ಮ ‘ಟೀಚರ್ಸ್ ಹೂ’ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ‘ಶೀ ಈಸ್ ಒನ್ ಆಫ್ ದಿ ಟೀಚರ್ಸ್ ಹೂ ಕಮ್ ಅರ್ಲಿ’ ಎಂದರೆ ‘ಬೇಗ ಬರುವ ಶಿಕ್ಷಕರಲ್ಲಿ ಅವರೂ ಒಬ್ಬರು’. ‘ಬರುವ’ ಎಂಬುದು ಯಾವ ಪದವನ್ನು ಹಿಡಿದುಕೊಂಡಿದೆ? ‘ಶಿಕ್ಷಕರು’ ಎಂಬುದನ್ನು. ಬೇಗ ಬರುವವರು ಹಲವರಿದ್ದಾರೆ, ಇವರು ಆ ಗುಂಪಿನಲ್ಲಿ ಸೇರಿದ್ದಾರೆ. ಹಾಗಾಗಿ ‘ಕಮ್’. ‘ಓನ್ಲಿ’ ಸೇರಿಸಿದರೆ ಅರ್ಥವೇ ತಿರುಗುತ್ತದೆ. ‘ಶೀ ಈಸ್ ದಿ ಓನ್ಲಿ ಒನ್ ಆಫ್ ದಿ ಟೀಚರ್ಸ್ ಹೂ ಕಮ್ಸ್ ಅರ್ಲಿ’, ಅಂದರೆ ‘ಶಿಕ್ಷಕರಲ್ಲಿ ಬೇಗ ಬರುವವರು ಅವರೊಬ್ಬರೇ’. ಈಗ ಬರುವವರು ಒಬ್ಬರೇ, ‘ಕಮ್ಸ್’. ಮೊದಲ ಬಗೆಯ ವಾಕ್ಯದಲ್ಲೂ ‘ಕಮ್ಸ್’ ಎಂದು ಬರೆಯುವ ಒಳ್ಳೆಯ ಲೇಖಕರಿದ್ದಾರೆ, ಅದನ್ನು ಘೋರ ತಪ್ಪು ಎಂದು ಯಾರನ್ನೂ ಬೈಯಬೇಕಿಲ್ಲ. ನನ್ನ ಆಯ್ಕೆ ಮಾತ್ರ ‘ಕಮ್’, ಅರ್ಥ ಹಾಗೆ ಇದೆ ಎಂಬ ಕಾರಣಕ್ಕೆ.

ಇನ್ನು ಈ ದಾರಿ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹೇಳಲೇಬೇಕು. ಕನ್ನಡದ ಕ್ರಿಯಾಪದ ಇಂಗ್ಲಿಷಿನದಕ್ಕಿಂತ ಹೆಚ್ಚು ಸಂಗತಿಗಳನ್ನು ಹೊತ್ತಿರುತ್ತದೆ. ಬಂದನು, ಬಂದಳು, ಬಂದರು, ಬಂದಿತು, ಬಂದವು: ಪುರುಷ, ಲಿಂಗ, ವಚನ ಮೂರೂ ಆಖ್ಯಾತ ಪ್ರತ್ಯಯದಲ್ಲೇ ಇವೆ. ಇಂಗ್ಲಿಷಿನಲ್ಲಿ ಇದೆಲ್ಲಕ್ಕೂ ‘ಕೇಮ್’ ಒಂದೇ. ಭೂತಕಾಲದಲ್ಲಿ ವಚನ ತೋರಿಸುವ ಕ್ರಿಯಾಪದ ಇಡೀ ಇಂಗ್ಲಿಷಿಗೆ ಒಂದೇ ಒಂದು, ‘ವಾಸ್-ವರ್’. ವರ್ತಮಾನದಲ್ಲಿ ‘ಆ್ಯಮ್-ಈಸ್-ಆರ್’ ಬಿಟ್ಟರೆ ಉಳಿದದ್ದಕ್ಕೆಲ್ಲ ಒಂದು ‘ಎಸ್’ ಅಷ್ಟೇ, ಅದೂ ಅವನು-ಅವಳು-ಅದು ಎನ್ನುವ ಏಕವಚನಕ್ಕೆ ಮಾತ್ರ. ಕನ್ನಡ ವ್ಯಾಕರಣ ಇದನ್ನು ಪ್ರಥಮ ಪುರುಷ ಎನ್ನುತ್ತದೆ, ಇಂಗ್ಲಿಷ್ ವ್ಯಾಕರಣ ಮೂರನೆಯದು ಎನ್ನುತ್ತದೆ. ಎರಡನ್ನೂ ಓದಿದ ಮಕ್ಕಳು ಇಲ್ಲಿ ಗೊಂದಲಕ್ಕೆ ಬೀಳುವುದನ್ನು ಕಂಡಿದ್ದೇನೆ. ಮೇಲಾಗಿ ನಾಮಪದಕ್ಕೆ ‘ಎಸ್’ ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ‘ಎಸ್’ ಸೇರಿದರೆ ಏಕವಚನ. ‘ದಿ ಬಾಯ್ ರನ್ಸ್’, ‘ದಿ ಬಾಯ್ಸ್ ರನ್’. ಮಾಮೂಲಿ ವಾಕ್ಯಗಳಲ್ಲಿ ‘ಎಸ್’ ಎರಡರಲ್ಲಿ ಒಂದು ಕಡೆ ಇರುತ್ತದೆ.

ಕನ್ನಡದ ಕ್ರಿಯಾಪದ ಇಷ್ಟೆಲ್ಲ ತೋರಿಸಿದರೂ ನಿಷೇಧಕ್ಕೆ ಬಂದಾಗ ಸುಮ್ಮನಾಗುತ್ತದೆ. ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವರು ಬರುವುದಿಲ್ಲ, ಅವು ಬರುವುದಿಲ್ಲ. ‘ಇಲ್ಲ’ ಎಂಬುದಕ್ಕೆ ವಚನವೂ ಇಲ್ಲ, ಪುರುಷವೂ ಇಲ್ಲ. ‘ಹೀ ಡೋಂಟ್ ನೋ’ ಎಂದು ಬರೆಯುವ ಕನ್ನಡಿಗರಿಗೆ ಆ ತಪ್ಪು ಬರುವ ದಾರಿಗಳಲ್ಲಿ ಇದೂ ಒಂದು ಎಂಬುದು ನನ್ನ ಎಣಿಕೆ. ಇಂಗ್ಲಿಷಿನಲ್ಲಿ ನಿಷೇಧದಲ್ಲೂ ಪ್ರಶ್ನೆಯಲ್ಲೂ ವಚನ ಉಳಿಯುತ್ತದೆ, ಅದನ್ನು ‘ಡಸ್’ ಹೊರುತ್ತದೆ. ‘ಡಸ್’ ಹೊತ್ತ ಮೇಲೆ ಮುಖ್ಯ ಕ್ರಿಯೆಗೆ ಮತ್ತೆ ‘ಎಸ್’ ಬೇಡ: ‘ಹೀ ಡಸ್ ನಾಟ್ ನೋ’. ಇದಕ್ಕೆ ಎದುರಾಗಿ ನಮ್ಮ ‘ಬೇಕು’, ‘ಬಹುದು’, ‘ಬಾರದು’ ಯಾವ ಕರ್ತೃವಿಗೂ ಬದಲಾಗದಂತೆ ಇಂಗ್ಲಿಷಿನ ‘ಮಸ್ಟ್’, ‘ಮೇ’, ‘ಕ್ಯಾನ್’, ‘ವಿಲ್’ ಕೂಡ ಬದಲಾಗುವುದಿಲ್ಲ. ಅಲ್ಲಿ ನಿಶ್ಚಿಂತೆಯಿಂದ ಬರೆಯಿರಿ.

ಎರಡನೆಯ ತೊಡಕು ‘ಪ್ರತಿಯೊಬ್ಬರು’. ಕನ್ನಡದಲ್ಲಿ ‘ಪ್ರತಿಯೊಬ್ಬರೂ ಬಂದಿದ್ದಾರೆ’, ‘ಎಲ್ಲರೂ ಬಂದಿದ್ದಾರೆ’, ಎರಡಕ್ಕೂ ಬಹುವಚನದ ಕ್ರಿಯಾಪದ. ಇಂಗ್ಲಿಷಿನಲ್ಲಿ ‘ಎವ್ರಿವನ್’, ‘ಈಚ್’, ‘ಸಮ್‌ಬಡಿ’, ‘ನೋಬಡಿ’ ಎಲ್ಲವೂ ಏಕವಚನ: ‘ಎವ್ರಿವನ್ ಹ್ಯಾಸ್ ಕಮ್’. ‘ಆಲ್ ದಿ ಮೆಂಬರ್ಸ್’ ಎಂದರೆ ಮಾತ್ರ ‘ಹ್ಯಾವ್’. ‘ಎವ್ರಿವನ್ ಹ್ಯಾಸ್ ಬ್ರಾಟ್ ದೇರ್ ಬುಕ್ಸ್’ ಎಂಬಲ್ಲಿ ‘ಹ್ಯಾಸ್’ ಪಕ್ಕದಲ್ಲೇ ‘ದೇರ್’ ಇರುವುದು ವಿಚಿತ್ರವಾಗಿ ಕಾಣುತ್ತದೆ. ಅದು ಸರಿಯೇ. ಗಂಡೋ ಹೆಣ್ಣೋ ಎಂದು ಹೇಳಬೇಕಿಲ್ಲದ ಕಡೆ ‘ದೇ’, ‘ದೇರ್’ ಬಳಸುವುದು ಇಂಗ್ಲಿಷಿನಲ್ಲಿ ಬಹಳ ಹಿಂದಿನಿಂದ ಇದೆ. ‘ಮೋರ್ ದ್ಯಾನ್ ಒನ್ ಸ್ಟೂಡೆಂಟ್’ ಎಂಬುದು ಇನ್ನೂ ವಿಚಿತ್ರ. ಅರ್ಥದಲ್ಲಿ ಕನಿಷ್ಠ ಇಬ್ಬರಿದ್ದಾರೆ, ಆದರೂ ‘ಹ್ಯಾಸ್’. ಇಂಥವನ್ನು ನೆನಪಿಟ್ಟುಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಇಲ್ಲಿ ಗೌರವದ ಬಹುವಚನವನ್ನೂ ಹೇಳಬಹುದು. ಒಬ್ಬರೇ ಆದರೂ ನಾವು ‘ನೀವು ಇದ್ದೀರಿ’ ಎನ್ನುತ್ತೇವೆ. ಇಂಗ್ಲಿಷಿನ ‘ಯೂ’ ಕೂಡ ಮೂಲದಲ್ಲಿ ಬಹುವಚನ. ಏಕವಚನಕ್ಕೆ ‘ದೌ’ ಇತ್ತು. ಗೌರವಕ್ಕೆಂದು ಒಬ್ಬರಿಗೂ ‘ಯೂ’ ಬಳಸುತ್ತ ಬಳಸುತ್ತ ‘ದೌ’ ದಿನಬಳಕೆಯಿಂದ ಮರೆಯಾಯಿತು. ಎದುರಿಗೆ ಒಬ್ಬರೇ ಇದ್ದರೂ ‘ಯೂ ಆರ್’ ಎನ್ನುವುದು ಆ ಕಾಲದ ಉಳಿಕೆ.

ಮೂರನೆಯದು ನಪುಂಸಕಲಿಂಗ. ಮಾತಿನಲ್ಲಿ ನಾವು ‘ಐದು ಪುಸ್ತಕ ಇದೆ’ ಎನ್ನುತ್ತೇವೆ, ಬರವಣಿಗೆಯಲ್ಲಿ ‘ಐದು ಪುಸ್ತಕಗಳಿವೆ’ ಎಂದು ತಿದ್ದಿಕೊಳ್ಳುತ್ತೇವೆ. ಸಂಖ್ಯೆಯೇ ಇರುವಾಗ ‘ಗಳು’ ಏಕೆ ಎಂಬುದು ಆಡುಮಾತಿನ ಲೆಕ್ಕ. ಇಂಗ್ಲಿಷ್ ಬರವಣಿಗೆಗೆ ಆ ಸಡಿಲಿಕೆ ಇಲ್ಲ. ಆದ್ದರಿಂದ ನಾನು ಹೇಳಿದ ಪರೀಕ್ಷೆಯನ್ನು ಮಾಡುವಾಗ ಆಡುಮಾತಿನ ಕನ್ನಡ ಬೇಡ, ಬರಹದ ಕನ್ನಡವನ್ನೇ ಬಳಸಿ. ‘ದೇರ್ ಈಸ್ ಮೆನಿ ರೀಸನ್ಸ್’ ಎಂಬ ತಪ್ಪಿಗೂ ಇದೇ ಮದ್ದು: ‘ಅನೇಕ ಕಾರಣಗಳಿವೆ’, ಹಾಗಾಗಿ ‘ದೇರ್ ಆರ್’. ‘ದೇರ್’ ಎಂಬುದು ಬರೀ ಜಾಗ ಹಿಡಿದು ಕೂತ ಪದ, ಕರ್ತೃ ಅದರ ಮುಂದೆ ಇದೆ.

ನಾಲ್ಕನೆಯದು, ಎಣಿಸಲಾಗದ ನಾಮಪದಗಳು. ಇಲ್ಲಿ ಕನ್ನಡ ನಿಮ್ಮನ್ನು ದಾರಿ ತಪ್ಪಿಸಿಯೇ ತಪ್ಪಿಸುತ್ತದೆ. ನಮಗೆ ಸಲಹೆಗಳಿವೆ, ಪೀಠೋಪಕರಣಗಳಿವೆ, ಸಾಕ್ಷ್ಯಗಳಿವೆ, ಮಾಹಿತಿಗಳೂ ಇವೆ. ಇಂಗ್ಲಿಷಿನಲ್ಲಿ ‘ಅಡ್ವೈಸ್’, ‘ಫರ್ನಿಚರ್’, ‘ಎವಿಡೆನ್ಸ್’, ‘ಇನ್ಫರ್ಮೇಶನ್’, ‘ಇಕ್ವಿಪ್‌ಮೆಂಟ್’, ‘ಲಗೇಜ್’ ಇವಕ್ಕೆಲ್ಲ ‘ಎಸ್’ ಹಚ್ಚುವುದಿಲ್ಲ, ಕ್ರಿಯಾಪದ ಏಕವಚನ. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಕೊನೆಯಲ್ಲಿ ‘ಎಸ್’ ಇಟ್ಟುಕೊಂಡೂ ಏಕವಚನ. ‘ಪೊಲೀಸ್’, ‘ಕ್ಯಾಟಲ್’, ‘ಪೀಪಲ್’ ಎಂಬುವು ‘ಎಸ್’ ಇಲ್ಲದೆಯೂ ಬಹುವಚನ. ‘ಸಿಸರ್ಸ್’, ‘ಟ್ರೌಸರ್ಸ್’ ವಸ್ತು ಒಂದಾದರೂ ಬಹುವಚನ. ದೂರ, ಕಾಲ, ಮೊತ್ತವನ್ನು ಒಟ್ಟಾಗಿ ಹೇಳುವಾಗ ಏಕವಚನ: ‘ಟ್ವೆಂಟಿ ಇಯರ್ಸ್ ಈಸ್ ಎ ಲಾಂಗ್ ಟೈಮ್’. ಕನ್ನಡವೂ ಇಲ್ಲಿ ಹಾಗೆಯೇ, ‘ಇಪ್ಪತ್ತು ವರ್ಷ ದೊಡ್ಡ ಅವಧಿ’.

‘ಟೀಮ್’ ಬಗ್ಗೆ ನಿಮ್ಮ ಪ್ರಶ್ನೆಗೆ ಎರಡು ಉತ್ತರಗಳೂ ಸರಿ. ಅಮೆರಿಕದ ಬರವಣಿಗೆಯಲ್ಲಿ ‘ದಿ ಟೀಮ್ ಈಸ್’ ರೂಢಿ. ಬ್ರಿಟನ್ನಿನಲ್ಲಿ ಅದೂ ಇದೆ, ‘ದಿ ಟೀಮ್ ಆರ್’ ಕೂಡ ಧಾರಾಳವಾಗಿ ಇದೆ. ಕನ್ನಡದಲ್ಲಿ ನಾವು ‘ತಂಡ ಗೆದ್ದಿತು’ ಎಂದೂ ಹೇಳುತ್ತೇವೆ, ‘ತಂಡದವರು ಗೆದ್ದರು’ ಎಂದೂ ಹೇಳುತ್ತೇವೆ. ಒಂದರಲ್ಲಿ ಗುಂಪು ಒಂದು ವಸ್ತು, ಇನ್ನೊಂದರಲ್ಲಿ ಅದರೊಳಗಿನ ಜನ. ನಾವು ಪದವನ್ನೇ ಬದಲಿಸಿ ತೋರಿಸುವುದನ್ನು ಬ್ರಿಟಿಷ್ ಇಂಗ್ಲಿಷ್ ಕ್ರಿಯಾಪದದಲ್ಲಿ ತೋರಿಸುತ್ತದೆ. ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ದೊಡ್ಡ ವ್ಯಾಕರಣ ಗ್ರಂಥ ಇದನ್ನು ಸ್ಪಷ್ಟವಾಗಿ ವಿಂಗಡಿಸಿದೆ: ಕ್ರಿಯಾಪದದ ವಚನವನ್ನು ಪದದ ರೂಪ ನಿರ್ಧರಿಸಬಹುದು, ಅರ್ಥ ನಿರ್ಧರಿಸಬಹುದು, ಹತ್ತಿರ ನಿಂತ ಪದವೂ ನಿರ್ಧರಿಸಬಹುದು. ರೂಪವನ್ನು ಹಿಡಿದವರಿಗೆ ‘ಟೀಮ್ ಈಸ್’, ಅರ್ಥವನ್ನು ಹಿಡಿದವರಿಗೆ ‘ಟೀಮ್ ಆರ್’. ಕಾಲ ಸರಿದಂತೆ ಅರ್ಥ ಬದಲಾದರೆ ವಚನವೂ ಬದಲಾಗುತ್ತದೆ. ಗುಲಾಮಗಿರಿಯನ್ನು ರದ್ದು ಮಾಡಿದ ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ 1865ರದು. ಅದು ‘ಯುನೈಟೆಡ್ ಸ್ಟೇಟ್ಸ್’ ಎಂದು ಹೇಳಿ, ಮುಂದೆ ‘ದೇರ್ ಜ್ಯೂರಿಸ್‌ಡಿಕ್ಷನ್’, ‘ಅವುಗಳ ವ್ಯಾಪ್ತಿ’ ಎನ್ನುತ್ತದೆ. ರಾಜ್ಯಗಳು ಎಂಬ ಬಹುವಚನ ಅಲ್ಲಿ ಇನ್ನೂ ಜೀವಂತ. ಇಂದು ಆ ದೇಶದ ಹೆಸರಿನ ಮುಂದೆ ‘ಈಸ್’ ಬಿಟ್ಟು ಬೇರೆ ಬರೆಯುವವರಿಲ್ಲ.

ನಿಮ್ಮ ವರದಿಗಳಲ್ಲಿ ‘ಟೀಮ್ ಈಸ್’, ‘ಕಮಿಟಿ ಹ್ಯಾಸ್’ ಎಂದೇ ಇಟ್ಟುಕೊಳ್ಳಿ. ಜನರ ಬಗ್ಗೆ ಹೇಳಬೇಕಾದಾಗ ‘ದಿ ಮೆಂಬರ್ಸ್ ಆಫ್ ದಿ ಕಮಿಟಿ’ ಎಂದು ಬರೆದರೆ ತಕರಾರಿಗೆ ಜಾಗವೇ ಇರುವುದಿಲ್ಲ. ಮುಖ್ಯವಾಗಿ, ಒಂದೇ ಪುಟದಲ್ಲಿ ಒಮ್ಮೆ ‘ಹ್ಯಾಸ್’, ಇನ್ನೊಮ್ಮೆ ‘ಹ್ಯಾವ್’ ಮಾಡಬೇಡಿ. ಓದುವವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಹತ್ತಿರ ನಿಂತ ಪದ ನಿರ್ಧರಿಸುತ್ತದೆ ಎಂದೆನಲ್ಲ, ಅದು ನ್ಯಾಯವಾಗಿ ಬರುವ ಜಾಗ ‘ಐದರ್-ಆರ್’, ‘ನೈದರ್-ನಾರ್’. ‘ನೈದರ್ ದಿ ಮ್ಯಾನೇಜರ್ ನಾರ್ ದಿ ಕ್ಲರ್ಕ್ಸ್ ವರ್ ಪ್ರೆಸೆಂಟ್.’ ಕ್ಲರ್ಕ್ಸ್ ಹತ್ತಿರ ಇದೆ, ‘ವರ್’. ಎರಡನ್ನೂ ಅದಲುಬದಲು ಮಾಡಿದರೆ ‘ವಾಸ್’ ಆಗುತ್ತದೆ, ಆದರೆ ಕಿವಿಗೆ ಒರಟು. ಆದ್ದರಿಂದ ಬಹುವಚನವನ್ನು ಕ್ರಿಯಾಪದದ ಪಕ್ಕಕ್ಕೆ ಇಡುವುದು ಒಳ್ಳೆಯದು. ಕನ್ನಡ ಇಲ್ಲಿ ನೆರವಾಗುವುದಿಲ್ಲ. ‘ವ್ಯವಸ್ಥಾಪಕರೂ ಬರಲಿಲ್ಲ, ಗುಮಾಸ್ತರೂ ಬರಲಿಲ್ಲ’ ಎಂದು ಎರಡು ವಾಕ್ಯ ಮಾಡಿ ನಾವು ಪಾರಾಗುತ್ತೇವೆ, ಮತ್ತೆ ಅದೇ ವಚನವಿಲ್ಲದ ‘ಇಲ್ಲ’.

ಉಳಿದದ್ದು ‘ಡೇಟಾ’. ಲ್ಯಾಟಿನ್ ಮೂಲದಲ್ಲಿ ಅದು ಬಹುವಚನ, ಏಕವಚನ ‘ಡೇಟಮ್’. ವಿಜ್ಞಾನದ ಕೆಲವು ನಿಯತಕಾಲಿಕೆಗಳು ಈಗಲೂ ‘ಡೇಟಾ ಆರ್’ ಎಂದೇ ಬಯಸುತ್ತವೆ. ದಿನನಿತ್ಯದ ಬರವಣಿಗೆಯಲ್ಲಿ ಅದು ‘ಇನ್ಫರ್ಮೇಶನ್’ ಥರ ಎಣಿಸಲಾಗದ ಪದವಾಗಿ ನೆಲೆನಿಂತಿದೆ, ‘ಡೇಟಾ ಈಸ್’ ತಪ್ಪಲ್ಲ. ನಿಮ್ಮ ಕಚೇರಿಯ ಹಳೆಯ ವರದಿಗಳಲ್ಲಿ ಯಾವುದಿದೆ ನೋಡಿ ಅದನ್ನೇ ಅನುಸರಿಸಿ. ಆದರೆ ‘ಕ್ರೈಟೀರಿಯಾ’, ‘ಫಿನಾಮಿನಾ’ ಎಂಬ ಗ್ರೀಕ್ ಮೂಲದ ಬಹುವಚನಗಳಿಗೆ ಈ ರಿಯಾಯಿತಿ ಇನ್ನೂ ಸಿಕ್ಕಿಲ್ಲ. ಮಾನದಂಡ ಒಂದೇ ಇದ್ದರೆ ‘ದಿ ಕ್ರೈಟೀರಿಯನ್ ಈಸ್’, ಹಲವಿದ್ದರೆ ‘ದಿ ಕ್ರೈಟೀರಿಯಾ ಆರ್’. ‘ದಿ ಕ್ರೈಟೀರಿಯಾ ಈಸ್’ ಎಂದು ಬರೆದರೆ ನಿಮ್ಮ ಮೇಲಧಿಕಾರಿ ಮತ್ತೆ ಪೆನ್ನು ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳಲೂ ಬೇಕು.